ಇಂಟರ್‌ನ್ಯಾಷನಲ್ ಡೆವಲಪ್‌ಮೆಂಟ್ ಮ್ಯಾನೇಜ್‌ಮೆಂಟ್ ಮಾಸ್ಟರ್ಸ್: ಮಲ್ಪೆಯಿಂದ ಹೋಗಿ ಓದಿ ಬಂದವಳು ಹೇಳುವುದು

ಉಡುಪಿ ಮಂಗಳೂರು ಕಡೆಯ ಮಕ್ಕಳು, ಎಂಎಸ್‌ಡಬ್ಲ್ಯೂ ಮಾಡಿದವರು, ಬಿಎ ಬಿಕಾಂ ಮಾಡಿದವರು, ವರ್ಷಕ್ಕೆ ನಾಲ್ಕೈದು ಜನ ಆದ್ರೂ ಫೋನ್ ಮಾಡಿ ಇದನ್ನೇ ಕೇಳ್ತಾರೆ. "ಅಕ್ಕ, ಇಂಟರ್‌ನ್ಯಾಷನಲ್ ಡೆವಲಪ್‌ಮೆಂಟ್ ಮ್ಯಾನೇಜ್‌ಮೆಂಟ್ ಅಂದ್ರೆ ಎಂಬಿಎ ಥರವಾ? ಅದು ಓದಿದ್ರೆ ಯುಎನ್‌ನಲ್ಲಿ ಕೆಲಸ ಸಿಗ್ತದಾ?" ಫೋನಲ್ಲಿ ಹತ್ತು ನಿಮಿಷಕ್ಕೆ ಮುಗಿಸುವ ವಿಷಯ ಅಲ್ಲ ಇದು, ಮನೆಯವರ ಎಷ್ಟೋ ವರ್ಷದ ದುಡ್ಡಿನ ವಿಷಯ, ಹಾಗಾಗಿ ನಂಗೆ ಗೊತ್ತಿದ್ದದ್ದನ್ನೆಲ್ಲ ಒಂದು ಕಡೆ ಕೂತು ಬರೀತಾ ಇದ್ದೇನೆ, ಚೂರು ಉದ್ದ ಆಗ್ತದೆ, ಪುರುಸೊತ್ತಲ್ಲಿ ಓದಿ.

ಯುಎನ್ ಪ್ರಶ್ನೆ ಮೊದಲು. ಅದೊಂದೇ ಗುರಿ ಇಟ್ಕೊಂಡು ಈ ಕೋರ್ಸಿಗೆ ಹೋಗ್ಬೇಡಿ ಆಯ್ತಾ. ಯುಎನ್‌ನ ಜೂನಿಯರ್ ಪ್ರೊಫೆಷನಲ್ ಆಫೀಸರ್ ಹುದ್ದೆಗಳಿಗೆ ದುಡ್ಡು ಕೊಡುವ ದೇಶಗಳು ಹೆಚ್ಚಾಗಿ ತಮ್ಮ ದೇಶದವರನ್ನೇ ಕಳಿಸ್ತಾವೆ, ಸೆಕ್ರೆಟೇರಿಯಟ್ಟಿನ ಇಂಟರ್ನ್‌ಶಿಪ್ಪಿಗೆ ಸಂಬಳವೇ ಇಲ್ಲ, ಜಿನೀವಾದ ರೂಮ್ ಬಾಡಿಗೆ ನೀವೇ ಕಟ್ಬೇಕು. ಅದರ ಮೇಲೆ ಈಗ ನೆರವಿನ ದುಡ್ಡೇ ಕಮ್ಮಿ ಆಗ್ತಾ ಉಂಟು. ಬೇರೆ ದೇಶಗಳಿಗೆ ನೆರವು ಕೊಡ್ತಿದ್ದ ಅಮೆರಿಕ ಸರ್ಕಾರದ ಸಂಸ್ಥೆ ಯುಎಸ್‌ಏಡ್ 2025ರ ಜುಲೈ 1ಕ್ಕೆ ಅಧಿಕೃತವಾಗಿ ಬಾಗಿಲು ಹಾಕಿತು. ಬ್ರಿಟನ್ ಒಂದು ಕಾಲದಲ್ಲಿ ತನ್ನ ರಾಷ್ಟ್ರೀಯ ಆದಾಯದ 0.7% ನೆರವಿಗೆ ಕೊಡ್ತಿತ್ತು, 2021ರಲ್ಲಿ ಅದನ್ನು 0.5% ಮಾಡಿತು, 2027ಕ್ಕೆ 0.3%ಕ್ಕೆ ಇಳಿಸ್ತೇವೆ ಅಂತ ಹೇಳಿ ಆಗಿದೆ. ನಮ್ಮಲ್ಲಿ ಎಫ್‌ಸಿಆರ್‌ಎಗೆ, ಅಂದ್ರೆ ವಿದೇಶಿ ದೇಣಿಗೆಯ ಕಾಯ್ದೆಗೆ, 2020ರಲ್ಲಿ ತಿದ್ದುಪಡಿ ಆದ ಮೇಲೆ ವಿದೇಶಿ ದುಡ್ಡು ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಣ್ಣ ಸಂಸ್ಥೆಗೆ ದಾಟಿಸ್ಲಿಕ್ಕೇ ಇಲ್ಲ, ಆಡಳಿತದ ಖರ್ಚಿಗೆ 20%ಕ್ಕಿಂತ ಜಾಸ್ತಿ ಬಳಸುವ ಹಾಗಿಲ್ಲ, ಸಂಬಳದ ಹುದ್ದೆಗಳು ಕಮ್ಮಿ ಆದದ್ದು ಅದರಿಂದಲೂ ಹೌದು. ಕೆಲಸ ಎಲ್ಲಿ ಉಂಟು ಅಂದ್ರೆ ಕಂಪನಿಗಳ ಸಿಎಸ್‌ಆರ್ ವಿಭಾಗದಲ್ಲಿ (2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ 2% ಸಮಾಜದ ಕೆಲಸಕ್ಕೆ ಖರ್ಚು ಮಾಡ್ಲೇಬೇಕು), ರಾಜ್ಯ ಸರ್ಕಾರದ ಮಿಷನ್‌ಗಳಲ್ಲಿ, ದೇಶದೊಳಗಿನ ಫೌಂಡೇಶನ್‌ಗಳಲ್ಲಿ, ಪ್ರಾಜೆಕ್ಟುಗಳನ್ನು ಅಳೆದು ವರದಿ ಬರೆಯುವ ಕನ್ಸಲ್ಟೆನ್ಸಿಗಳಲ್ಲಿ. ನಾನು ಈಗ ಇರುವುದೂ ಅಂಥದ್ದೇ ಒಂದರಲ್ಲಿ, ಉಡುಪಿಯಲ್ಲಿ ಕೂತೇ ಕೆಲಸ. ಇದನ್ನೆಲ್ಲ ಕೇಳಿಯೂ ಓದ್ಬೇಕು ಅಂತ ಅನಿಸಿದ್ರೆ ಮುಂದೆ ಓದಿ, ಯಾಕಂದ್ರೆ ಸರಿಯಾದ ಸಮಯಕ್ಕೆ ಹೋದ್ರೆ ಇಷ್ಟು ಒಳ್ಳೆ ಓದು ಬೇರೆ ಇಲ್ಲ ಅಂತ ನಾನು ಈಗಲೂ ನಂಬಿದ್ದೇನೆ.

ಕೋರ್ಸಲ್ಲಿ ಎಂತ ಕಲಿಸ್ತಾರೆ

ಎಂಬಿಎ ಅಲ್ಲ. ಅರ್ಧ ಭಾಗ ವಿಚಾರ: ಅಭಿವೃದ್ಧಿ ಅಂದ್ರೆ ಎಂತ, ಯಾರು ತೀರ್ಮಾನ ಮಾಡುವುದು, ಆದಾಯ ಏರಿದ್ರೆ ಸಾಕಾ ಅಥವಾ ಅಮರ್ತ್ಯ ಸೇನ್ ಹೇಳುವ ಹಾಗೆ ಮನುಷ್ಯನಿಗೆ ತಾನು ಬಯಸಿದ ಬದುಕು ಬದುಕುವ ಸಾಮರ್ಥ್ಯ ಬರ್ಬೇಕಾ, 1990ರಲ್ಲಿ ಮಾನವ ಅಭಿವೃದ್ಧಿ ಸೂಚ್ಯಂಕ ಯಾಕೆ ಬಂತು, ಸಾಮಾನ್ಯರ ಸೊತ್ತನ್ನು ಊರಿನವರೇ ಹೇಗೆ ಕಾಪಾಡ್ತಾರೆ ಅಂತ ಎಲಿನಾರ್ ಆಸ್ಟ್ರಮ್ ಎಂತ ಹೇಳಿದ್ರು, ಹೀಗೆ. ಇನ್ನರ್ಧ ಕೈಕೆಲಸ: ಪ್ರಾಜೆಕ್ಟ್ ಪ್ಲಾನ್ ಮಾಡುವುದು, ಬಜೆಟ್ ಹಾಕುವುದು, ಬೇಸ್‌ಲೈನ್ ಸರ್ವೆ (ಶುರು ಮಾಡುವ ಮೊದಲು ಸ್ಥಿತಿ ಹೇಗಿತ್ತು ಅಂತ ಅಳೆಯುವುದು), ಮಾನಿಟರಿಂಗ್, ಇವ್ಯಾಲ್ಯುಯೇಶನ್ (ಕೊನೆಗೆ ಎಂತ ಫಲ ಸಿಕ್ತು ಅಂತ ನೋಡುವುದು). ಯುಕೆಯಲ್ಲಿ ಒಂದೇ ವರ್ಷ, ಒಟ್ಟು 180 ಕ್ರೆಡಿಟ್, ಅದರಲ್ಲಿ 120 ಪಾಠಕ್ಕೆ, 60 ಡಿಸರ್ಟೇಶನ್ನಿಗೆ, ಅಂದ್ರೆ ಕೊನೆಗೆ ಬರೆಯುವ ಸಂಶೋಧನಾ ಪ್ರಬಂಧಕ್ಕೆ. ಒಂದು ವರ್ಷ ಅಂದ್ರೆ ಆರಾಮ ಅಂತ ಅಂದ್ಕೊಳ್ಬೇಡಿ, ಸೆಪ್ಟೆಂಬರಲ್ಲಿ ಕೂತವರು ತಲೆ ಎತ್ತಿ ನೋಡುವಾಗ ಮಾರ್ಚ್ ಆಗಿರ್ತದೆ.

ಮೊದಲು ಎರಡು ವರ್ಷ ಇಲ್ಲೇ ಕೆಲಸ ಮಾಡಿ

ನಾನು ಹೇಳುವುದರಲ್ಲಿ ಇದೊಂದು ನೆನಪಿಟ್ಕೊಂಡ್ರೂ ಸಾಕು. ಡಿಗ್ರಿ ಮುಗಿದ ಕೂಡಲೇ ಹೋಗ್ಬೇಡಿ. ಸ್ಕಾಲರ್‌ಶಿಪ್ಪಿನವರು ಎರಡು ವರ್ಷದ ಅನುಭವ ಕೇಳ್ತಾರೆ ಅನ್ನುವುದು ಒಂದು ಕಾರಣ, ಆದ್ರೆ ದೊಡ್ಡ ಕಾರಣ ಬೇರೆಯೇ ಉಂಟು, ಅದನ್ನು ಹೇಳ್ಲಿಕ್ಕೆ ನನ್ನ ಐಸ್ ಬಾಕ್ಸಿನ ಕಥೆ ಹೇಳ್ಬೇಕು.

ಎಂಎಸ್‌ಡಬ್ಲ್ಯೂ ಮುಗಿಸಿ ನಾನು ಒಂದು ಸಂಸ್ಥೆಗೆ ಸೇರಿದ್ದೆ. ಹಸಿಮೀನು ಮಾರುವ ಹೆಂಗಸರಿಗೆ ಐಸ್ ಬಾಕ್ಸ್ ಕೊಡುವ ಒಂದು ಪ್ರಾಜೆಕ್ಟ್ ಬಂತು. ಮಧ್ಯಾಹ್ನದೊಳಗೆ ಮಾರಿ ಹೋಗದ ಮೀನು ಹಾಳಾಗ್ತದೆ, ಸಂಜೆಗೆ ಅರ್ಧ ರೇಟಿಗೆ ಕೊಡ್ಬೇಕಾಗ್ತದೆ, ಬಾಕ್ಸ್ ಇದ್ರೆ ಅದು ಉಳೀತದೆ, ಅಷ್ಟೇ ಲೆಕ್ಕ. ಒಳ್ಳೆ ಕ್ವಾಲಿಟಿಯ ಬಾಕ್ಸೇ ತಂದೆವು. ಫೋಟೋ ಆಯ್ತು, ರಿಪೋರ್ಟ್ ಹೋಯ್ತು. ಮೂರು ತಿಂಗಳು ಬಿಟ್ಟು ಮನೆ ಮನೆಗೆ ಹೋಗಿ ನೋಡ್ತೇನೆ, ಒಂದು ಮನೆಯಲ್ಲಿ ಅದರೊಳಗೆ ಕುಚ್ಚಲಕ್ಕಿ, ಇನ್ನೊಂದರಲ್ಲಿ ಮಕ್ಕಳ ಹಳೇ ಪುಸ್ತಕ, ನಮ್ಮ ದೊಡ್ಡಮ್ಮನ ಮನೆಯಲ್ಲಿ ಬಾವಿಕಟ್ಟೆ ಹತ್ರ ಮುಚ್ಚಳ ತೆಗೆದು ನೀರು ತುಂಬಿಸಿ ಇಟ್ಟಿದ್ರು. ದೊಡ್ಡಮ್ಮ ಮೂವತ್ತು ವರ್ಷ ಮೀನು ಮಾರಿದವರು. ಯಾಕೆ ದೊಡ್ಡಮ್ಮ ಅಂತ ಕೇಳಿದ್ದಕ್ಕೆ ಅವರು ಬುಟ್ಟಿ ತಗೊಂಡು ಬಂದು ಅಂಗಳದಲ್ಲಿ ಕೂತು ತೋರಿಸಿದ್ರು. ಮೊಣಕಾಲು ಊರಿ, ಬುಟ್ಟಿಯನ್ನು ತೊಡೆ ಮೇಲೆ ಎಳ್ಕೊಂಡು, ಅಲ್ಲಿಂದ ಒಂದು ಸಲಕ್ಕೆ ತಲೆಗೆ. ಯಾರ ಸಹಾಯವೂ ಬೇಡ. "ಐಸು ಮೀನು ತುಂಬಿದ ಈ ಪೆಟ್ಟಿಗೆಯನ್ನು ನನ್ನ ತಲೆಗೆ ಯಾರು ಎತ್ತಿ ಕೊಡ್ತಾರೆ ಮಗಾ? ಪ್ರತಿ ಮನೆ ಎದುರು ಇಳಿಸ್ಬೇಕು, ಪ್ರತಿ ಮನೆ ಎದುರು ಎತ್ತಬೇಕು." ರಿಕ್ಷಾದಲ್ಲಿ ಹಾಕಿದ್ರೆ ನೀರು ಸೋರ್ತದೆ, ವಾಸನೆ ಬರ್ತದೆ ಅಂತ ಜಾಸ್ತಿ ದುಡ್ಡು ಕೇಳ್ತಾರೆ, ಲಾಭ ಅಲ್ಲಿಗೇ ಹೋಯ್ತು.

ಎರಡು ವರ್ಷ ಬಿಟ್ಟು ಇಂಗ್ಲೆಂಡಿನ ಒಂದು ಕ್ಲಾಸಲ್ಲಿ ಲಾಗ್‌ಫ್ರೇಮ್ ಕಲಿಸಿದ್ರು. ಇದು 1969ರಲ್ಲಿ ಯುಎಸ್‌ಏಡ್‌ಗೆ ಅಂತ ತಯಾರು ಮಾಡಿದ ಒಂದು ಟೇಬಲ್, ಇವತ್ತಿಗೂ ಹೆಚ್ಚಿನ ಡೋನರ್‌ಗಳು ಇದನ್ನೇ ಕೇಳುವುದು. ನಾಲ್ಕು ಸಾಲು: ದೊಡ್ಡ ಗುರಿ, ಈ ಪ್ರಾಜೆಕ್ಟಿನ ಉದ್ದೇಶ, ಔಟ್‌ಪುಟ್ (ಪ್ರಾಜೆಕ್ಟಿಂದ ನೇರ ಸಿಗುವಂಥದ್ದು), ಚಟುವಟಿಕೆ. ನಾಲ್ಕು ಕಾಲಂ: ಎಂತ ಮಾಡ್ತೇವೆ, ಆಗಿದೆ ಅಂತ ಯಾವ ಸೂಚಕದಿಂದ ಗೊತ್ತಾಗ್ತದೆ, ಆ ಲೆಕ್ಕ ಎಲ್ಲಿ ಸಿಗ್ತದೆ, ಮತ್ತೆ ಕೊನೆಯದ್ದು ಅಸಂಪ್ಷನ್ಸ್, ಅಂದ್ರೆ ನಮ್ಮ ಕೈಯಲ್ಲಿ ಇಲ್ಲದ ಆದ್ರೆ ನಿಜ ಆಗ್ಲೇಬೇಕಾದ ಸಂಗತಿಗಳು. ನಿಮಗೆ ಗೊತ್ತಿರುವ ಒಂದು ಪ್ರಾಜೆಕ್ಟ್ ಹಾಕಿ ಅಂದ್ರು, ನಾನು ಐಸ್ ಬಾಕ್ಸ್ ಹಾಕಿದೆ. ಔಟ್‌ಪುಟ್ಟಿನ ಸಾಲಲ್ಲಿ ಬಾಕ್ಸ್ ವಿತರಣೆ, ಉದ್ದೇಶದ ಸಾಲಲ್ಲಿ ಮೀನು ಹಾಳಾಗುವುದು ಕಮ್ಮಿ ಆಗ್ತದೆ. ಎರಡರ ಮಧ್ಯೆ ಕೊನೆಯ ಕಾಲಮ್ಮಿನಲ್ಲಿ ನಮ್ಮ ಹಳೇ ಪ್ರಪೋಸಲ್‌ನಲ್ಲಿ ಇದ್ದ ಅದೇ ಒಂದು ಸಾಲು ಬರೆದೆ: ಫಲಾನುಭವಿಗಳು ಬಾಕ್ಸ್ ಬಳಸ್ತಾರೆ. ಬರೆದ ಕೂಡಲೇ ಕೈ ನಿಂತಿತು. ದೊಡ್ಡಮ್ಮ ಅಂಗಳದಲ್ಲಿ ಕೂತು ತೋರಿಸಿದ್ದೆಲ್ಲ ಆ ಒಂದು ಸಾಲಿನೊಳಗೆ ಮುಚ್ಚಿ ಹೋಗಿತ್ತು. ಪಕ್ಕದಲ್ಲಿ ಕೂತ ಹುಡುಗ ಕಾಲೇಜಿನಿಂದ ನೇರ ಬಂದವ, ಬುದ್ಧಿವಂತ, ಅವನು ನನಗಿಂತ ಬೇಗ ಟೇಬಲ್ ತುಂಬಿಸಿ ಮುಗಿಸಿದ, ಆದ್ರೆ ಅವನಿಗೆ ಆ ಕಾಲಂ ಒಂದು ಫಾರ್ಮ್ ಅಷ್ಟೇ. ಅನುಭವ ಇಟ್ಕೊಂಡು ಹೋಗಿ ಅಂತ ನಾನು ಹಠ ಹಿಡಿಯುವುದು ಇದಕ್ಕೆ, ಎಡವಿದ ಒಂದು ಜಾಗ ಕೈಯಲ್ಲಿದ್ರೆ ಪ್ರತಿ ಪಾಠವೂ ಅಲ್ಲಿ ಬಂದು ಕೂರ್ತದೆ.

ಕೆಲಸ ಎಲ್ಲಿ ಮಾಡುವುದು ಅಂದ್ರೆ ದೂರ ಹುಡುಕ್ಬೇಡಿ. ಹೆಂಗಸರ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಗಳು ಪ್ರತಿ ಗ್ರಾಮ ಪಂಚಾಯ್ತಿಯಲ್ಲಿ ಉಂಟು. ಕುಂದಾಪುರ ಕಡೆ ವಂಡ್ಸೆಯ ಎಸ್‌ಎಲ್‌ಆರ್‌ಎಂ ಘಟಕ, ಕಾರ್ಕಳದ ನಿಟ್ಟೆಯ ಎಂಆರ್‌ಎಫ್ ಘಟಕ ನೋಡಿ ಬನ್ನಿ, ಎರಡೂ ಒಣಕಸ ಬೇರ್ಪಡಿಸುವ ಜಾಗಗಳು, ಕಸದ ಒಂದು ಪ್ರಾಜೆಕ್ಟ್ ನಡೀಲಿಕ್ಕೆ ಎಷ್ಟು ಜನರ ಒಪ್ಪಿಗೆ ಬೇಕು ಅಂತ ಅಲ್ಲಿ ಕಾಣ್ತದೆ. ಹಳ್ಳಿ ಯುವಕರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುವ ಉಜಿರೆಯ ರುಡ್‌ಸೆಟ್, ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಎರಡೂ 1982ರಿಂದ ನಡೀತಾ ಉಂಟು, ಇವನ್ನು ಒಳಗಿನಿಂದ ನೋಡಿದವರಿಗೆ ಮೈಕ್ರೋಫೈನಾನ್ಸ್ ಕ್ಲಾಸಲ್ಲಿ ಮಾತಾಡ್ಲಿಕ್ಕೆ ಬೇಕಾದಷ್ಟು ಇರ್ತದೆ. ಸಂಬಳ ಕಮ್ಮಿ ಅಂತ ಬಿಡ್ಬೇಡಿ. ಮತ್ತೆ ಒಂದು ಪುಸ್ತಕ ಇಟ್ಕೊಳ್ಳಿ, ದಿನಾ ಎಂತ ನೋಡಿದ್ರಿ, ಯಾರು ಎಂತ ಹೇಳಿದ್ರು, ತಾರೀಕು ಹಾಕಿ ಬರೀರಿ, ಆಮೇಲೆ ನೆನಪಿಂದ ಬರೀತೇನೆ ಅಂದ್ರೆ ಆಗುವುದಿಲ್ಲ.

ಎಲ್ಲಿ ಓದುವುದು

ಹೆಸರು ಒಂದೇ ಇರುವುದಿಲ್ಲ, ಡೆವಲಪ್‌ಮೆಂಟ್ ಮ್ಯಾನೇಜ್‌ಮೆಂಟ್, ಡೆವಲಪ್‌ಮೆಂಟ್ ಸ್ಟಡೀಸ್, ಗ್ಲೋಬಲ್ ಡೆವಲಪ್‌ಮೆಂಟ್ ಎಲ್ಲ ಹುಡುಕಿ, ಆಮೇಲೆ ಮಾಡ್ಯೂಲ್ ಪಟ್ಟಿ ತೆಗೆದು ಪ್ರಾಜೆಕ್ಟ್ ಪ್ಲಾನಿಂಗ್, ಇವ್ಯಾಲ್ಯುಯೇಶನ್, ಪಬ್ಲಿಕ್ ಫೈನಾನ್ಸ್ ಇದೆಯಾ ನೋಡಿ. ಯುಕೆಯಲ್ಲಿ ಬ್ರಾಡ್‌ಫರ್ಡ್, ಮ್ಯಾಂಚೆಸ್ಟರ್, ಸಸೆಕ್ಸ್‌ನ ಐಡಿಎಸ್ (ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸ್, 1966ರಲ್ಲಿ ಶುರುವಾದದ್ದು), ಲಂಡನ್ನಿನ ಎಲ್‌ಎಸ್‌ಇ ಮತ್ತೆ ಸೋಆಸ್, ನಾರ್ವಿಚ್‌ನ ಈಸ್ಟ್ ಆಂಗ್ಲಿಯಾ ಈ ವಿಷಯಕ್ಕೆ ಹೆಸರಾದವು. ಸ್ವೀಡನ್ನಿನ ಲುಂಡ್‌ನಲ್ಲಿ ಎರಡು ವರ್ಷದ ಕೋರ್ಸ್, ಮಧ್ಯೆ ಒಂದು ಸೆಮಿಸ್ಟರ್ ಫೀಲ್ಡ್ ಇಂಟರ್ನ್‌ಶಿಪ್. ಜರ್ಮನಿಯ ಬೋಹುಮ್‌ನಲ್ಲಿ ಡೆವಲಪ್‌ಮೆಂಟ್ ಮ್ಯಾನೇಜ್‌ಮೆಂಟ್ ಅಂತಲೇ ಎಂಎ ಉಂಟು, ನೆದರ್‌ಲ್ಯಾಂಡ್ಸಿನ ಹೇಗ್‌ನಲ್ಲಿ ಐಎಸ್‌ಎಸ್ (ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸ್ಟಡೀಸ್) 1952ರದ್ದು.

ವಿದೇಶವೇ ಆಗ್ಬೇಕು ಅಂತ ಇಲ್ಲ, ಇದನ್ನು ನಾನು ಸಮಾಧಾನಕ್ಕೆ ಹೇಳ್ತಾ ಇಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಯೂನಿವರ್ಸಿಟಿಯ ಎರಡು ವರ್ಷದ ಎಂಎ ಡೆವಲಪ್‌ಮೆಂಟ್‌ನಲ್ಲಿ ಮನೆಯ ಆದಾಯ ನೋಡಿ ಫೀಸ್ ಕಮ್ಮಿ ಮಾಡ್ತಾರೆ. ಮುಂಬೈಯ ಟಿಸ್ (ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್) ಉಂಟು, ಅಮುಲ್‌ನ ಕುರಿಯನ್ ಅವರು 1979ರಲ್ಲಿ ಗುಜರಾತಿನ ಆನಂದ್ ಊರಲ್ಲಿ ಕಟ್ಟಿದ ಗ್ರಾಮೀಣ ಮ್ಯಾನೇಜ್‌ಮೆಂಟ್ ಸಂಸ್ಥೆ ಇರ್ಮಾ ಉಂಟು, ಸಹಕಾರಿ ಸಂಘಗಳಲ್ಲಿ ಕೆಲಸ ಮಾಡುವ ಆಸೆ ಇದ್ರೆ ಇರ್ಮಾಕ್ಕೆ ಸಮ ಬೇರೆ ಇಲ್ಲ. ಮಂಗಳೂರಲ್ಲೇ ರೋಶನಿ ನಿಲಯ 1960ರಿಂದ ಸೋಶಿಯಲ್ ವರ್ಕ್ ಕಲಿಸ್ತಾ ಬಂದಿದೆ. ನೀವು ಕೆಲಸ ಮಾಡ್ಲಿಕ್ಕಿರುವುದು ಕರ್ನಾಟಕದಲ್ಲೇ ಅಂತ ಗಟ್ಟಿ ಇದ್ರೆ, ಸ್ಕಾಲರ್‌ಶಿಪ್ ಸಿಗದಿದ್ರೆ, ಸಾಲ ಮಾಡಿ ಲಂಡನ್ನಿಗೆ ಹೋಗುವುದಕ್ಕಿಂತ ಇಲ್ಲಿ ಓದುವುದೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ಹೊರಗೆ ಹೋದ್ರೆ ಸಿಗುವುದು ಬೇರೆ ಥರದ್ದು. ನನ್ನ ಗುಂಪಲ್ಲಿ ನೈಜೀರಿಯಾದವರು, ನೇಪಾಳದವರು, ಇಂಡೋನೇಷ್ಯಾದವರು ಇದ್ರು, ಘಾನಾದ ಒಬ್ಬರು ಅವರ ಊರಿನ ಮೀನು ಒಣಗಿಸುವ ಹೆಂಗಸರ ಕಥೆ ಹೇಳುವಾಗ ನಂಗೆ ಮಲ್ಪೆಯೇ ಕಣ್ಣ ಮುಂದೆ ಬಂತು.

ಎಸ್‌ಒಪಿ

ಎಸ್‌ಒಪಿ ಅಂದ್ರೆ ಯಾಕೆ ಓದ್ಬೇಕು ಅಂತ ಅರ್ಜಿಯೊಟ್ಟಿಗೆ ಬರೆದು ಕೊಡುವ ಪತ್ರ. ನನ್ನ ಮೊದಲ ಎಸ್‌ಒಪಿ "ಚಿಕ್ಕಂದಿನಿಂದಲೂ ಬಡವರ ಸೇವೆ ಮಾಡ್ಬೇಕು ಅಂತ ಆಸೆ" ಅಂತ ಶುರುವಾಗಿತ್ತು, ನಿಜವಾದ ಮಾತೇ, ಆದ್ರೆ ಅದನ್ನು ಓದಿದವರಿಗೆ ನಾನು ಯಾರು ಅಂತ ಗೊತ್ತಾಗುವುದಿಲ್ಲ. ಕಾಲೇಜಿನ ನಮ್ಮ ಮೇಡಂ ಒಬ್ಬರು ಓದಿ "ಆ ಐಸ್ ಬಾಕ್ಸಿನಿಂದ ಶುರು ಮಾಡಮ್ಮ" ಅಂದ್ರು. ಹಾಗೆ ಮಾಡಿದೆ. ಎಂತ ಮಾಡಿದೆವು, ಎಲ್ಲಿ ತಪ್ಪಿತು, ಅದನ್ನು ಅರ್ಥ ಮಾಡಿಕೊಳ್ಲಿಕ್ಕೆ ನನಗೆ ಎಂತ ಗೊತ್ತಿಲ್ಲ, ಅದು ನಿಮ್ಮ ಯಾವ ಮಾಡ್ಯೂಲಲ್ಲಿ ಉಂಟು, ಮುಗಿಸಿ ಎಲ್ಲಿಗೆ ಹೋಗ್ತೇನೆ. ಇಷ್ಟೇ.

ಎಸ್‌ಒಪಿಯಲ್ಲಿ ಬರೀಲಿಕ್ಕೆ ಇಂಥ ಪ್ರಶ್ನೆ ಸಿಗ್ತಾ ಇಲ್ಲ ಅನ್ನುವವರು ಸುತ್ತ ನೋಡಿ, ನಮ್ಮ ಕರಾವಳಿಯಷ್ಟು ಪ್ರಶ್ನೆ ಇರುವ ಜಾಗ ಕಮ್ಮಿ. 1999ರಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ಕರಾವಳಿಯ ಊರುಗಳಿಗೆ ನೀರು ಮತ್ತೆ ಒಳಚರಂಡಿಯ ದೊಡ್ಡ ಯೋಜನೆ ಬಂತು, ಆಮೇಲೆ ಉಳ್ಳಾಲದ ಕಡಲ್ಕೊರೆತ ತಡೀಲಿಕ್ಕೆ ಸಮುದ್ರದೊಳಗೆ ರೀಫ್ ಹಾಕಿದ್ದೂ ಅದೇ ಬ್ಯಾಂಕಿನ ದುಡ್ಡಲ್ಲಿ, ಆ ಪ್ರಾಜೆಕ್ಟುಗಳ ಕಾಗದಪತ್ರ ಬ್ಯಾಂಕೇ ಸಾರ್ವಜನಿಕವಾಗಿ ಇಟ್ಟಿದೆ, ಯಾರೂ ಇಳಿಸ್ಕೊಂಡು ಓದ್ಬಹುದು. ಕಾಗದದಲ್ಲಿ ಒಂದು ಸಂಜೆ, ಉಳ್ಳಾಲದ ದಡದಲ್ಲಿ ಒಂದು ಸಂಜೆ ಕಳೀರಿ, ಪ್ರಶ್ನೆ ತಾನಾಗಿ ಬರ್ತದೆ. ಉಡುಪಿಯ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಅನ್ನುವ ಸಣ್ಣ ಉಳಿತಾಯ ಶುರು ಮಾಡಿ ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಒಟ್ಟು ಮಾಡ್ತಿತ್ತು, ಫೈನಾನ್ಶಿಯಲ್ ಇಂಕ್ಲೂಷನ್ ಅನ್ನುವ ಹೆಸರು ಹುಟ್ಟುವ ಎಷ್ಟೋ ಮೊದಲು. ಸ್ವಸಹಾಯ ಸಂಘವೂ ಹಾಗೆ, 80ರ ದಶಕದಲ್ಲಿ ಕರ್ನಾಟಕದಲ್ಲಿ ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ ಮಾಡಿದ ಪ್ರಯೋಗದಿಂದ ಬೆಳೆದು 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪೈಲಟ್ ಶುರು ಮಾಡಿತು.

ನಂಗೆ ಹತ್ತಿರದ್ದು ರಂಪಣಿ, ಅಂದ್ರೆ ದಡದಿಂದ ಎಳೆಯುವ ದೊಡ್ಡ ಬಲೆ. ನಮ್ಮಜ್ಜ ರಂಪಣಿ ಎಳೀತಿದ್ದವರು, ದಡದಲ್ಲಿ ಎರಡು ಸಾಲು ಜನ ನಿಂತು ಒಟ್ಟಿಗೆ ಎಳೆದು, ಬಂಗುಡೆ ಬೂತಾಯಿ ರಾಶಿ ಬಿದ್ರೆ ಎಲ್ಲರಿಗೂ ಪಾಲು. 70ರ ದಶಕದಲ್ಲಿ ಕಡಲಲ್ಲೇ ಮೀನಿನ ಹಿಂಡಿಗೆ ಸುತ್ತ ಬಲೆ ಹಾಕುವ ಪರ್ಸೀನ್ ಬೋಟು ಬಂದು ಮೀನು ದಡಕ್ಕೆ ಬರುವ ಮೊದಲೇ ಹಿಡೀಲಿಕ್ಕೆ ಶುರುವಾದ ಮೇಲೆ ರಂಪಣಿ ಹೋಯ್ತು, ಈಗ ಕಾಣುವುದು ಸಣ್ಣ ಕೈರಂಪಣಿ ಮಾತ್ರ. ಇದರ ಬೇರು ಹುಡುಕ್ತಾ ಹೋದ್ರೆ 1952ರಲ್ಲಿ ಭಾರತ, ನಾರ್ವೆ, ವಿಶ್ವಸಂಸ್ಥೆ ಸೇರಿ ಮಾಡಿದ ಒಪ್ಪಂದ ಸಿಗ್ತದೆ, ಕೇರಳದ ನೀಂಡಕರದಲ್ಲಿ ಮೋಟಾರ್ ಬೋಟ್ ತಂದ ಯೋಜನೆ, ನಾರ್ವೆ ಇನ್ನೊಂದು ದೇಶಕ್ಕೆ ಮಾಡಿದ ಮೊದಲ ಅಭಿವೃದ್ಧಿ ನೆರವು ಅದು. ಕರಾವಳಿಯಲ್ಲಿ ಯಂತ್ರದ ಮೀನುಗಾರಿಕೆ ಬೆಳೆದ ಕಥೆಯಲ್ಲಿ ಅದೊಂದು ದೊಡ್ಡ ತಿರುವು. ಆದಾಯ ಏರಿತು, ರಫ್ತು ಏರಿತು, ಆದ್ರೆ ಹಗ್ಗ ಎಳೆದವರ ಪಾಲು ಎಂತ ಆಯ್ತು? ನನ್ನ ಅಜ್ಜನ ಹಗ್ಗದ ಇನ್ನೊಂದು ತುದಿ ಓಸ್ಲೋದಲ್ಲಿ ಇತ್ತು ಅಂತ ಗೊತ್ತಾದ ದಿನ ನಂಗೆ ರಾತ್ರಿ ನಿದ್ದೆ ಬರ್ಲಿಲ್ಲ.

ದುಡ್ಡು

ಯುಕೆಯಲ್ಲಿ ಫೀಸ್ ಸಾಮಾನ್ಯವಾಗಿ 20,000 ಪೌಂಡ್ ಆಸುಪಾಸಿಂದ ಶುರು, ಲಂಡನ್ನಲ್ಲಿ ಇನ್ನೂ ಜಾಸ್ತಿ, ಅದರ ಮೇಲೆ ಊಟ ಬಾಡಿಗೆ, ಅದರ ಮೇಲೆ ವೀಸಾದೊಟ್ಟಿಗೆ ಆರೋಗ್ಯದ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡ್. ಹಾಗಾಗಿ ಮೊದಲು ಸ್ಕಾಲರ್‌ಶಿಪ್ಪಿಗೆ ಎರಡು ವರ್ಷ ಪ್ರಯತ್ನ ಮಾಡಿ, ಒಂದು ಸಲ ಸಿಗ್ಲಿಲ್ಲ ಅಂತ ಸಾಲಕ್ಕೆ ಓಡ್ಬೇಡಿ. ಬ್ರಿಟನ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್ ಕೇಳುವುದು 2,800 ಗಂಟೆ ಕೆಲಸದ ಅನುಭವ, ಓದು ಮುಗಿಸಿ ದೇಶಕ್ಕೆ ವಾಪಸ್ ಬಂದು ಎರಡು ವರ್ಷ ಇರ್ಲೇಬೇಕು, ಅರ್ಜಿ ಆಗಸ್ಟಲ್ಲಿ ತೆರೆದು ಅಕ್ಟೋಬರಲ್ಲಿ ಮುಚ್ತದೆ. ಕಾಮನ್‌ವೆಲ್ತ್ ಶೇರ್ಡ್ ಸ್ಕಾಲರ್‌ಶಿಪ್ ಇರುವುದೇ ಕೈಯಿಂದ ಕಟ್ಲಿಕ್ಕೆ ಆಗದವರಿಗೆ. ಜರ್ಮನಿಯ ಡಾಡ್ ಇಪೋಸ್ ಸ್ಕಾಲರ್‌ಶಿಪ್ಪಿಗೆ ಎರಡು ವರ್ಷ ಅನುಭವ ಬೇಕು, ಡಿಗ್ರಿ ಮುಗಿಸಿ ಆರು ವರ್ಷ ದಾಟಿರ್ಬಾರ್ದು, ಬೋಹುಮ್‌ನ ಕೋರ್ಸ್ ಇದರ ಪಟ್ಟಿಯಲ್ಲಿ ಇರ್ತದೆ. ಯುರೋಪಿಯನ್ ಯೂನಿಯನ್ನಿನ ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್ ಇರುವ ಗ್ಲೋಡೆಪ್ ಅನ್ನುವ ಕೋರ್ಸ್ ಚೆಕ್, ಫ್ರಾನ್ಸ್, ಇಟಲಿ ಮೂರು ಕಡೆ ಓದಿಸ್ತದೆ. ಎಸ್‌ಸಿ ಎಸ್‌ಟಿ ಮಕ್ಕಳಿಗೆ ರಾಜ್ಯದ ಪ್ರಬುದ್ಧ ಯೋಜನೆ, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಉಂಟು, ಸಮಾಜ ಕಲ್ಯಾಣ ಇಲಾಖೆಯ ಜಿಲ್ಲಾ ಆಫೀಸಿಗೇ ಹೋಗಿ ಕೇಳಿ, ಅಲ್ಪಸಂಖ್ಯಾತರಿಗೆ ಸರ್ಕಾರದ ಓದಿನ ಸಾಲ ಉಂಟು. ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ಕೊಡ್ತಾ ಬಂದದ್ದು, ಅದು ಸಾಲದ ರೂಪದ್ದು.

ಬ್ಯಾಂಕ್ ಸಾಲಕ್ಕೆ ಹೋಗುವವರು ಜಾಗದ ಕಾಗದ ಒಂದು ವರ್ಷ ಮೊದಲೇ ತೆಗೆದು ನೋಡಿ. ನಮ್ಮ ಎರಡು ಜಿಲ್ಲೆಯಲ್ಲಿ ಇದೇ ದೊಡ್ಡ ತಲೆನೋವು. ಮನೆಯಲ್ಲಿ "ನಮ್ದು ಒಂದೂವರೆ ಎಕರೆ ಉಂಟು" ಅಂತಾರೆ, ಆರ್‌ಟಿಸಿ ತೆಗೆದ್ರೆ ವರ್ಗ ಜಾಗ, ಅಂದ್ರೆ ಸ್ವಂತ ಪಟ್ಟಾ ಜಾಗ, 40 ಸೆಂಟ್ಸ್, ಉಳಿದದ್ದು ಅದಕ್ಕೆ ತಾಗಿದ ಕುಮ್ಕಿ, ಕುಮ್ಕಿ ಬಳಸ್ಬಹುದು ಆದ್ರೆ ಅದು ಸರ್ಕಾರದ್ದು, ಅದನ್ನು ಅಡ ಇಡ್ಲಿಕ್ಕಿಲ್ಲ. ಇಲ್ಲದಿದ್ರೆ ಜಾಗ ಇನ್ನೂ ಅಜ್ಜಿಯ ಹೆಸರಲ್ಲಿ, ಕುಟುಂಬದ ಪಾಲು ಆಗ್ಲಿಲ್ಲ, ಮುಂಬೈಯಲ್ಲಿರುವ ಮಾವ, ಗಲ್ಫಲ್ಲಿರುವ ಚಿಕ್ಕಮ್ಮ ಎಲ್ಲರ ಸಹಿ ಬೇಕು. ಕೃಷಿ ಜಾಗವನ್ನು ಬ್ಯಾಂಕಿನವರು ಹೆಚ್ಚಾಗಿ ಒಪ್ಪುವುದಿಲ್ಲ, ಕನ್ವರ್ಷನ್ ಆಗಿರ್ಬೇಕು. ಇದನ್ನು ಮೇ ತಿಂಗಳಲ್ಲಿ ಕಂಡುಹಿಡಿದ್ರೆ ಸೆಪ್ಟೆಂಬರಿಗೆ ವಿಮಾನ ಹತ್ತಲಿಕ್ಕೆ ಆಗುವುದಿಲ್ಲ, ನನ್ನ ಗೆಳತಿಯೊಬ್ಬಳ ಒಂದು ವರ್ಷ ಹೀಗೇ ಹೋಯ್ತು, ಆಫರ್ ಲೆಟರ್ ಕೈಯಲ್ಲಿ ಹಿಡ್ಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿನ ಬೆಂಚಲ್ಲಿ ಕೂತದ್ದು ನಾನೇ ನೋಡಿದ್ದೇನೆ.

ಪೇಪರ್ ಕೆಲಸ

ಸೆಪ್ಟೆಂಬರಲ್ಲಿ ಸೇರ್ಬೇಕು ಅಂದ್ರೆ ಅದರ ಹಿಂದಿನ ವರ್ಷದ ಆಟಿಯಲ್ಲಿ (ಜುಲೈ ಆಗಸ್ಟಲ್ಲಿ) ಶುರು ಮಾಡಿ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ದೀಪಾವಳಿಯೊಳಗೆ ಮುಗಿಸಿ, ಹೆಚ್ಚಿನ ಕಡೆ 6.5 ಕೇಳ್ತಾರೆ, ಎರಡು ವರ್ಷ ನಡೀತದೆ. ರೆಫರೆನ್ಸ್ ಒಂದು ಕಾಲೇಜಿನದ್ದು, ಒಂದು ಕೆಲಸದ ಕಡೆಯದ್ದು. ಟ್ರಾನ್ಸ್‌ಕ್ರಿಪ್ಟಿಗೆ (ಎಲ್ಲ ಸೆಮಿಸ್ಟರಿನ ಅಂಕಗಳ ಪಟ್ಟಿಗೆ) ಕೊಣಾಜೆಯ ಮಂಗಳೂರು ಯೂನಿವರ್ಸಿಟಿಗೆ ಎರಡು ಮೂರು ಸಲ ಹೋಗ್ಲಿಕ್ಕೆ ತಯಾರಿರಿ, ಅಟಾನಮಸ್ ಕಾಲೇಜಾದ್ರೆ ಕಾಲೇಜಲ್ಲೇ ಕೇಳಿ. ಹೆಸರು ನೋಡ್ಕೊಳ್ಳಿ: ಎಸ್‌ಎಸ್‌ಎಲ್‌ಸಿ ಕಾರ್ಡಲ್ಲಿ ಇನಿಷಿಯಲ್, ಪಾಸ್‌ಪೋರ್ಟಲ್ಲಿ ಮನೆಹೆಸರು ಪೂರ್ತಿ, ಡಿಗ್ರಿಯಲ್ಲಿ ಇನ್ನೊಂದು ಥರ ಅಂತ ಇದ್ರೆ ಮೊದಲೇ ಅಫಿಡವಿಟ್ ಮಾಡಿ ಇಡಿ.

ಯುಕೆ ವೀಸಾಕ್ಕೆ ಉಳಿತಾಯದ ದುಡ್ಡು ತೋರಿಸುವುದಾದ್ರೆ ಫೀಸಿನ ಬಾಕಿ ಮತ್ತೆ ಒಂಬತ್ತು ತಿಂಗಳ ಖರ್ಚು ಸತತ 28 ದಿನ ಅಕೌಂಟಲ್ಲಿ ಇರ್ಬೇಕು, ಮಧ್ಯೆ ಒಂದೇ ಒಂದು ದಿನ ಕಮ್ಮಿ ಆದ್ರೂ ಹೋಯ್ತು, ಮನೆಯವರಿಗೆಲ್ಲ ಹೇಳಿ ಇಡಿ. ಟಿಬಿ ಟೆಸ್ಟ್ ಅವರು ಒಪ್ಪಿದ ಕ್ಲಿನಿಕ್ಕಲ್ಲೇ ಆಗ್ಬೇಕು. ಮದುವೆ ಆದವರು ಗಮನಿಸಿ, 2024ರ ಜನವರಿಯಿಂದ ಪಾಠದ ಮಾಸ್ಟರ್ಸಿಗೆ ಹೋಗುವವರು ಗಂಡ ಹೆಂಡತಿ ಮಕ್ಕಳನ್ನು ಡಿಪೆಂಡೆಂಟ್ ಅಂತ ಕರ್ಕೊಂಡು ಹೋಗುವ ಹಾಗಿಲ್ಲ. ಓದಿದ ಮೇಲೆ ಉಳಿಯುವ ಗ್ರಾಜುಯೇಟ್ ವೀಸಾ ಎರಡು ವರ್ಷ ಇದ್ದದ್ದು, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳು.

ಅಲ್ಲಿ ಹೋದ ಮೇಲೆ

ನಮಗೆ ಕಷ್ಟ ಆಗುವುದು ಇಂಗ್ಲಿಷ್ ಅಲ್ಲ, "ಕ್ರಿಟಿಕಲಿ ಡಿಸ್ಕಸ್" ಅನ್ನುವ ಎರಡು ಶಬ್ದ. ನಾನು ಮೊದಲ ಪ್ರಬಂಧದಲ್ಲಿ ಎಲ್ಲ ಪಂಡಿತರು ಎಂತ ಹೇಳಿದ್ರು ಅಂತ ಚಂದ ಮಾಡಿ ಜೋಡಿಸಿದೆ, 54 ಬಂತು. ಪಕ್ಕದಲ್ಲಿ ಬರೆದಿದ್ರು, ಇವರಲ್ಲಿ ನೀನು ಯಾರ ಮಾತನ್ನು ಒಪ್ತಿ, ಯಾಕೆ ಅಂತ. ಅಷ್ಟು ದೊಡ್ಡವರ ಮಾತನ್ನು ಒಪ್ಪದೆ ಇರ್ಬಹುದು ಅಂತ ನಮಗೆ ಯಾರೂ ಕಲಿಸಿರುವುದಿಲ್ಲ. ಎರಡನೇದರಲ್ಲಿ ರಾಬರ್ಟ್ ಚೇಂಬರ್ಸ್ ಬಗ್ಗೆ ಬರೆದೆ. ಊರಿನ ಜನರೇ ನೆಲದ ಮೇಲೆ ರಂಗೋಲಿ ಪುಡಿ, ಕಡ್ಡಿ, ಕಲ್ಲು ಇಟ್ಟು ತಮ್ಮ ಊರಿನ ನಕ್ಷೆ ಬಿಡಿಸಿ ಸಮಸ್ಯೆ ತೋರಿಸುವ ಪಿಆರ್‌ಎ ಪದ್ಧತಿಯನ್ನು ಪ್ರಪಂಚಕ್ಕೆಲ್ಲ ಹಬ್ಬಿಸಿದವರು ಅವರು. ಅವರ ಮಾತು ಒಪ್ತೇನೆ, ಆದ್ರೆ ನಮ್ಮ ಪಂಚಾಯ್ತಿಯಲ್ಲಿ ಮಾಡಿದ ಪಿಆರ್‌ಎಯಲ್ಲಿ ಬೋಟಿನ ಧಣಿಗಳು ಮುಂದೆ ಕೂತಿದ್ರು, ಮೀನು ಮಾರುವ ಹೆಂಗಸರು ಬೆಳಿಗ್ಗೆ ಹತ್ತಕ್ಕೆ ಇಟ್ಟ ಸಭೆಗೆ ಬರ್ಲಿಕ್ಕೇ ಆಗುವುದಿಲ್ಲ, ಅದು ಅವರ ವ್ಯಾಪಾರದ ಹೊತ್ತು ಅಂತ ಬರೆದೆ. 68 ಬಂತು. ಅಲ್ಲಿ 50 ಪಾಸ್, 60 ದಾಟಿದ್ರೆ ಮೆರಿಟ್, 70 ದಾಟಿದ್ರೆ ಡಿಸ್ಟಿಂಕ್ಷನ್, ಹಾಗಾಗಿ 62 ಬಂತು ಅಂತ ಅತ್ತು ಮನೆಗೆ ಫೋನ್ ಮಾಡ್ಬೇಡಿ.

ಕಾಪಿ ಪೇಸ್ಟ್ ಮಾತ್ರ ಒಂದು ಸಾಲೂ ಬೇಡ, ನಕಲು ಪತ್ತೆ ಮಾಡುವ ಟರ್ನಿಟಿನ್ ಸಾಫ್ಟ್‌ವೇರ್ ಹಿಡೀತದೆ. ಓದ್ಲಿಕ್ಕೆ ಕೊಟ್ಟದ್ದನ್ನೆಲ್ಲ ಮೊದಲಿಂದ ಕೊನೆ ತನಕ ಓದುವುದು ಆಗದ ಮಾತು, ಪೀಠಿಕೆ, ಕೊನೆ, ಮತ್ತೆ ಮಧ್ಯೆ ಪುರಾವೆ ಕೊಟ್ಟ ಭಾಗ ಓದಿ. ವಾರಕ್ಕೆ 20 ಗಂಟೆ ತನಕ ಕೆಲಸ ಮಾಡ್ಬಹುದು ಅಂತ ವೀಸಾ ಹೇಳ್ತದೆ, ಮೊದಲ ಟರ್ಮಲ್ಲಿ ಹತ್ತು ಗಂಟೆ ದಾಟ್ಬೇಡಿ.

ಡಿಸರ್ಟೇಶನ್

ನಮ್ಮ ಊರಿನವರಿಗೆ ಒಂದು ವಿಶೇಷ ತೊಂದರೆ ಉಂಟು. ಯುಕೆ ಕೋರ್ಸಲ್ಲಿ ಫೀಲ್ಡ್ ವರ್ಕ್ ಬರುವುದು ಜೂನ್ ಜುಲೈಯಲ್ಲಿ, ನಮ್ಮಲ್ಲಿ ಯಂತ್ರದ ಬೋಟಿಗೆ ನಿಷೇಧ ಇರುವುದು ಜೂನ್ 1ರಿಂದ ಜುಲೈ 31. ಮೀನುಗಾರಿಕೆ ಬಗ್ಗೆ ಬರೀತೇನೆ ಅಂತ ಬಂದ್ರೆ ಧಕ್ಕೆ (ಮೀನು ಇಳಿಸುವ ಬಂದರು) ಖಾಲಿ, ಬೋಟೆಲ್ಲ ದಡದಲ್ಲಿ. ನಾನು ಇದನ್ನು ಯೋಚನೆ ಮಾಡದೆ ಪ್ರಪೋಸಲ್ ಬರೆದು, ಆಮೇಲೆ ಪ್ರಶ್ನೆಯನ್ನೇ ಬದಲಾಯಿಸಿದೆ: ಎರಡು ತಿಂಗಳು ವ್ಯಾಪಾರ ಇಲ್ಲದಾಗ ಮೀನು ಮಾರುವ ಹೆಂಗಸರು ಮನೆ ಹೇಗೆ ನಡೆಸ್ತಾರೆ, ಯಾರ ಹತ್ರ ಸಾಲ, ಒಣಮೀನು ಎಷ್ಟು, ನಾಡದೋಣಿಯವರಿಂದ ಎಷ್ಟು. ಅದು ಒಳ್ಳೇದೇ ಆಯ್ತು, ಮಳೆಗೆ ಮನೆಯೊಳಗೆ ಕೂತವರು ಪುರುಸೊತ್ತಲ್ಲಿ ಮಾತಾಡಿದ್ರು, ಸೀಸನ್ನಲ್ಲಿ ಅವರಿಗೆ ನಿಲ್ಲಲಿಕ್ಕೂ ಟೈಮ್ ಇರುವುದಿಲ್ಲ.

ಫೀಲ್ಡಿಗೆ ಹೋಗುವ ಮೊದಲು ಯೂನಿವರ್ಸಿಟಿಯ ಎಥಿಕ್ಸ್ ಅನುಮತಿ ಬೇಕು, ಅಂದ್ರೆ ಮಾತಾಡುವ ಜನರಿಗೆ ತೊಂದರೆ ಆಗುವುದಿಲ್ಲ ಅಂತ ಒಪ್ಪಿಸ್ಬೇಕು, ಅದಕ್ಕೆ ವಾರಗಟ್ಲೆ ಹಿಡೀತದೆ. ಫಾರ್ಮಲ್ಲಿ ಮಾತಾಡಿದವರೆಲ್ಲರ ಸಹಿ ಬೇಕು ಅಂತ ಇತ್ತು. ಸಹಿ ಅಂದ ಕೂಡಲೇ ನಮ್ಮ ಹೆಂಗಸರು ಸಾಲದ ಕಾಗದ ಅಂತ ಹೆದರ್ತಾರೆ, ಒಬ್ಬರು ಪೆನ್ನು ನೋಡಿ ಒಳಗೇ ಹೋದ್ರು. ನಾನು ಸೂಪರ್‌ವೈಸರಿಗೆ ಬರೆದು, ತುಳುವಲ್ಲಿ ಎಲ್ಲ ವಿವರಿಸಿ ಬಾಯಿಮಾತಿನ ಒಪ್ಪಿಗೆ ರೆಕಾರ್ಡ್ ಮಾಡ್ಲಿಕ್ಕೆ ಅನುಮತಿ ತೆಗೆದೆ. ನೀವು ಇದನ್ನು ಮೊದಲೇ ಅರ್ಜಿಯಲ್ಲಿ ಬರೀರಿ, ಕಾರಣ ಕೊಟ್ರೆ ಒಪ್ತಾರೆ.

ಬರೆದದ್ದು ಊರಿಗೆ ವಾಪಸ್ ಬರ್ಬೇಕು, ಇದು ಯೂನಿವರ್ಸಿಟಿ ಕೇಳುವುದಲ್ಲ, ನಾನು ಕೇಳುವುದು. ನಾನು ಮುಖ್ಯವಾದದ್ದನ್ನು ಕನ್ನಡದಲ್ಲಿ ಎರಡು ಪುಟ ಮಾಡಿ, ಮುಂದಿನ ವರ್ಷ ಆಗಸ್ಟಲ್ಲಿ ಬೋಟು ಕಡಲಿಗೆ ಇಳಿದ ಮೇಲೆ ಧಕ್ಕೆಗೆ ಹೋಗಿ, ಹರಾಜು ಮುಗಿದ ಹೊತ್ತಿಗೆ ಅವರ ಮಧ್ಯೆ ಕೂತು ಓದಿ ತುಳುವಲ್ಲಿ ಹೇಳಿದೆ. ಎರಡನೇ ಪುಟದಲ್ಲಿ ಬಡ್ಡಿಯ ಲೆಕ್ಕಕ್ಕೆ ಬಂದಾಗ ದೊಡ್ಡಮ್ಮ ನಿಲ್ಲಿಸಿದ್ರು. ಸಾಲ ಕೊಟ್ಟವನು ಬಡ್ಡಿಯೊಟ್ಟಿಗೆ ದಿನಾ ಒಂದು ಹಿಡಿ ಮೀನೂ ತಗೊಂಡು ಹೋಗ್ತಾನೆ, ಅದನ್ನು ನೀನು ಲೆಕ್ಕಕ್ಕೇ ಹಿಡಿಲಿಲ್ಲ ಅಂದ್ರು. ಸುತ್ತ ಕೂತವರೆಲ್ಲ ಹೌದು ಹೌದು ಅಂದ್ರು. ಅದು ಈಗ ನಾನು ಮಾಡುವ ಪ್ರತಿ ಸರ್ವೆ ಫಾರ್ಮಲ್ಲಿ ಒಂದು ಪ್ರಶ್ನೆ, ಬಡ್ಡಿಯ ಪ್ರಶ್ನೆಯ ಕೆಳಗೆ: ದುಡ್ಡಲ್ಲದೆ ಬೇರೆ ಎಂತ ಕೊಡ್ತೀರಿ?